ಯಂತ್ರಕ್ಕೆ ಅರಿವುಂಟೆ?

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಬಂದ ಯಾತ್ರಿಕರು ದರ್ಶನವಾದ ಬಳಿಕ ತಪ್ಪದೆ ವಿಚಾರಿಸುವ ಒಂದು ಸ್ಥಳವುಂಟು. ಅದು ಗರ್ಭಗುಡಿಯ ಹಿಂಬದಿಯಲ್ಲಿ, ಕೆಲವು ಮೆಟ್ಟಿಲುಗಳನ್ನೇರಿ ತಲುಪಬೇಕಾದ ಮಬ್ಬುಗತ್ತಲೆಯ ಒಂದು ಕೋಣೆ. ಅಲ್ಲಿನ ಕಿರಿದಾದ ಕಿಂಡಿಯಿಂದ ಒಳಬರುವ ಬೆಳಕು ಎದುರು ಗೋಡೆಯ ಮೇಲೆ ಪೂರ್ವದಿಕ್ಕಿನ ರಾಯಗೋಪುರದ ಆಕೃತಿಯನ್ನು ಮೂಡಿಸುತ್ತದೆ. ಸುಮಾರು 50 ಮೀಟರ್ ಎತ್ತರದ ಆ ಗೋಪುರ ಇಲ್ಲಿ ಚಿಕ್ಕದಾಗಿ, ತಲೆಕೆಳಗಾಗಿ ಕಾಣುತ್ತದೆ: ಶಿಖರ ಕೆಳಗೆ, ಬುಡ ಮೇಲೆ. ಇದರಲ್ಲಿ ಪವಾಡವೇನೂ ಇಲ್ಲ. ಬೆಳಕು ನೇರವಾದ ರೇಖೆಯಲ್ಲಿ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಕೆಳಕ್ಕೂ, ಬುಡದಿಂದ ಹೊರಟದ್ದು ಮೇಲಕ್ಕೂ ಸಾಗಿ ಬೀಳುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಚಿತ್ರ ಬರೆದು ವಿವರಿಸಬಲ್ಲನು.

ವಿವರಿಸಲು ಕಷ್ಟವಾಗುವ ಪ್ರಶ್ನೆ ಬೇರೊಂದಿದೆ. ಗೋಡೆಯ ಮೇಲೆ ಗೋಪುರದ ರೂಪವಿದೆಯಲ್ಲವೆ? ಹಾಗಾದರೆ ಗೋಡೆ ಗೋಪುರವನ್ನು ನೋಡುತ್ತಿದೆಯೆ? ಇಲ್ಲ ಎಂದು ಯಾರಾದರೂ ಒಡನೆಯೇ ಹೇಳಿಯಾರು. ರೂಪವುಂಟು, ನೋಡುವವನಿಲ್ಲ. ಆದರೆ ಕಣ್ಣಿನ ವಿಷಯವೇನು? ಜೊಹಾನೆಸ್ ಕೆಪ್ಲರ್ 1604ರಲ್ಲಿಯೇ ತೋರಿಸಿಕೊಟ್ಟಂತೆ ಕಣ್ಣಿನ ಒಳಪರದೆಯ ಮೇಲೆ ಬೀಳುವ ಬಿಂಬವೂ ತಲೆಕೆಳಗಾದದ್ದೇ. ಕಣ್ಣು ಕೂಡ ಒಂದು ಕತ್ತಲ ಕೋಣೆ, ಅದರ ಪಾಪೆ ಒಂದು ಕಿಂಡಿ. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ದೃಗ್ವಿಜ್ಞಾನದ ಗ್ರಂಥದಲ್ಲಿ, ಎತ್ತಿನ ಕಣ್ಣೊಂದರ ಹಿಂಭಾಗದ ಪೊರೆಗಳನ್ನು ಬಿಡಿಸಿ ಅಲ್ಲಿ ಮೂಡುವ ಬಿಂಬವನ್ನು ಕಾಣುವ ಪ್ರಯೋಗವನ್ನು ವರ್ಣಿಸಿ, ಜೊತೆಗೇ ಒಂದು ಎಚ್ಚರಿಕೆಯನ್ನೂ ಕೊಟ್ಟನು. ಈ ಬಿಂಬವನ್ನು ನೋಡಲು ಮಿದುಳಿನೊಳಗೆ ಇನ್ನೊಂದು ಜೊತೆ ಕಣ್ಣುಗಳಿವೆಯೆಂದು ಭಾವಿಸಬಾರದೆಂಬುದೇ ಆ ಎಚ್ಚರಿಕೆ. ಭಾವಿಸಿದರೆ ಆ ಕಣ್ಣುಗಳ ಹಿಂದೆ ಮತ್ತೆರಡು, ಅವುಗಳ ಹಿಂದೆ ಮತ್ತೆರಡು ಕಣ್ಣುಗಳನ್ನು ಕಲ್ಪಿಸಬೇಕಾಗುತ್ತದೆ. ನಮ್ಮ ತರ್ಕಶಾಸ್ತ್ರಜ್ಞರು ಅನವಸ್ಥೆಯೆಂದು ಹೆಸರಿಸಿದ ದೋಷವಿದು. ಹಾಗಿದ್ದಲ್ಲಿ ಗೋಡೆಗೆ ಇಲ್ಲದ ನೋಟ ಮನುಷ್ಯನಿಗೆ ಎಲ್ಲಿ, ಯಾವ ಹಂತದಲ್ಲಿ ಉಂಟಾಯಿತು?

ಇದು ಕೆಲಸವಿಲ್ಲದವರ ಪ್ರಶ್ನೆಯೆಂದು ಬಹುಕಾಲ ತೋರುತ್ತಿತ್ತು. ಈಗ ಹಾಗೆನ್ನುವಂತಿಲ್ಲ. ಹೊಸಪೇಟೆಯನ್ನು ಹಾದುಹೋಗುವ ಹೆದ್ದಾರಿಯಲ್ಲಿ ಸುಂಕ ತೆರಬೇಕಾದ ವಾಹನವನ್ನು ಯಂತ್ರವೇ ಗುರುತಿಸುತ್ತದೆ. ಕೈಯಲ್ಲಿರುವ ದೂರವಾಣಿ ಒಡೆಯನ ಮುಖವನ್ನು ಕಂಡು ಬೀಗ ತೆರೆಯುತ್ತದೆ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಎಂಬ ಸಂಭಾಷಣಾ ಯಂತ್ರ ಸಾರ್ವಜನಿಕರ ಬಳಕೆಗೆ ಬಂದಂದಿನಿಂದ, ಕೇಳಿದ ಪ್ರಶ್ನೆಗೆ ವಾಕ್ಯಗಳಲ್ಲಿ ಉತ್ತರಿಸುವ, ಪ್ರಬಂಧ ಬರೆಯುವ, ಲೆಕ್ಕ ಬಿಡಿಸುವ ಯಂತ್ರಗಳು ಶಾಲಾ ಬಾಲಕರ ಕೈಗೂ ಸಿಕ್ಕಿವೆ. ಇವುಗಳ ಹಿಂದಿರುವ ಕೃತಕ ನರಜಾಲಗಳ ಮೂಲ ಸಂಶೋಧನೆಗಾಗಿ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ 2024ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ವಿರೂಪಾಕ್ಷನ ಗುಡಿಯ ಗೋಡೆ ಬಿಂಬವನ್ನು ಹೊತ್ತು ಸುಮ್ಮನಿರುತ್ತದೆ. ಈ ಯಂತ್ರಗಳಾದರೋ ಬಿಂಬವನ್ನು ವಿಂಗಡಿಸುತ್ತವೆ, ಹೆಸರಿಡುತ್ತವೆ, ಅದಕ್ಕೆ ತಕ್ಕಂತೆ ವರ್ತಿಸುತ್ತವೆ. ಆದುದರಿಂದ ಗೋಡೆಯ ವಿಷಯದಲ್ಲಿ ಹೇಳಿದಷ್ಟು ಸುಲಭವಾಗಿ ಇವುಗಳ ವಿಷಯದಲ್ಲಿ ಇಲ್ಲವೆನ್ನಲು ಬಾರದು. ಹೌದೆನ್ನಲೂ ಬಾರದು.

ಆಧುನಿಕ ಕಾಲದಲ್ಲಿ ಈ ಚರ್ಚೆಗೆ ಬುನಾದಿ ಹಾಕಿದವನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. 1950ರಲ್ಲಿ ‘ಮೈಂಡ್’ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಆತ ಬರೆದ ಲೇಖನದ ಸಾರವಿಷ್ಟು: ಯಂತ್ರ ಯೋಚಿಸುತ್ತದೆಯೆ ಎಂದು ಕೇಳುವುದಕ್ಕಿಂತ, ಮರೆಯಲ್ಲಿದ್ದುಕೊಂಡು ಬರಹದಲ್ಲಿ ಉತ್ತರಿಸುವ ಯಂತ್ರವನ್ನು ಮನುಷ್ಯನಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವೇ ಎಂದು ಕೇಳುವುದು ಲೇಸು. ಒಳಗೆ ಅನುಭವವಿಲ್ಲದಿದ್ದರೆ ಅದು ಯೋಚನೆಯೇ ಅಲ್ಲವೆಂಬ ಆಕ್ಷೇಪವನ್ನು ಟ್ಯೂರಿಂಗ್ ಮೊದಲೇ ಊಹಿಸಿದ್ದನು. ಎದುರಿಗಿರುವ ಮನುಷ್ಯನೊಳಗೆ ಅನುಭವವಿದೆಯೆಂಬುದನ್ನು ಕೂಡ ಯಾರೂ ಒಳಹೊಕ್ಕು ಕಂಡಿಲ್ಲ, ಸೌಜನ್ಯದಿಂದ ಒಪ್ಪಿಕೊಂಡು ನಡೆಯುತ್ತಾರೆ ಎಂಬುದು ಆತನ ಸಮಾಧಾನ. ಜಾಣ ಉತ್ತರವೇ ಸರಿ. ಆದರೆ ನೆರೆಯವನಿಗೆ ಅನುಭವವುಂಟೆಂದು ನಂಬಲು ಸೌಜನ್ಯವೊಂದೇ ಕಾರಣವಲ್ಲ. ಆತನೂ ತಾಯಿಯ ಹೊಟ್ಟೆಯಿಂದ ಬಂದವನು, ಹಸಿದವನು, ಮುಳ್ಳು ಚುಚ್ಚಿದಾಗ ಮಾತು ಕಲಿಯುವ ಮೊದಲೇ ಅತ್ತವನು. ಈ ಸಮಾನತೆ ಯಂತ್ರದ ವಿಷಯದಲ್ಲಿ ಇಲ್ಲ. ಟ್ಯೂರಿಂಗನ ಪರೀಕ್ಷೆ ಮಾತಿನ ಸಾಮರ್ಥ್ಯವನ್ನು ಅಳೆಯಬಲ್ಲುದೇ ಹೊರತು ಮಾತಿನ ಹಿಂದಿರುವುದನ್ನು ಅಳೆಯಲಾರದು.

ಅಮೆರಿಕೆಯ ಜಾನ್ ಸರ್ಲ್ 1980ರಲ್ಲಿ ಎತ್ತಿದ ಆಕ್ಷೇಪ ಇಲ್ಲಿಂದಲೇ ಹೊರಡುತ್ತದೆ. ಚೀನೀ ಭಾಷೆಯ ಗಂಧವೂ ಇಲ್ಲದ ಒಬ್ಬನನ್ನು ಕೋಣೆಯಲ್ಲಿ ಕೂರಿಸಿ, ಇಂಥ ಅಕ್ಷರಕ್ಕೆ ಇಂಥ ಅಕ್ಷರವನ್ನು ಬರೆದು ಹೊರಗೆ ಕೊಡಬೇಕೆಂಬ ನಿಯಮಗಳ ಪುಸ್ತಕವನ್ನು ಕೊಟ್ಟರೆ, ಹೊರಗಿನವರಿಗೆ ಆತ ಚೀನೀ ಬಲ್ಲವನಂತೆಯೇ ತೋರುತ್ತಾನೆ. ಒಳಗಿರುವವನಿಗೆ ಮಾತ್ರ ಒಂದು ಅಕ್ಷರದ ಅರ್ಥವೂ ಗೊತ್ತಿಲ್ಲ. ಯಂತ್ರವೂ ಹಾಗೆಯೇ ಎಂದನು ಸರ್ಲ್. ಒಳಗಿನ ಮನುಷ್ಯನಿಗೆ ತಿಳಿಯದಿದ್ದರೇನು, ಮನುಷ್ಯ, ಪುಸ್ತಕ, ಕೋಣೆಗಳೆಲ್ಲ ಕೂಡಿದ ವ್ಯವಸ್ಥೆಗೆ ತಿಳಿದಿದೆಯೆಂದು ಪ್ರತಿವಾದಿಗಳು ಹೇಳಿದರು. ವಾದ ಇನ್ನೂ ಮುಗಿದಿಲ್ಲ. ಸರ್ಲನ ವಾದ ಬಲವಾದುದಾದರೂ ಅದರಲ್ಲೊಂದು ತೊಡಕಿದೆ. ಮಿದುಳಿನ ಒಂದೊಂದು ನರಕೋಶವನ್ನು ಬಿಡಿಯಾಗಿ ಕೇಳಿದರೆ ಅದಕ್ಕೂ ಕನ್ನಡ ಬಾರದು. ಬಿಡಿಭಾಗಕ್ಕೆ ತಿಳಿಯದೆಂಬ ಕಾರಣದಿಂದ ಇಡಿಗೆ ತಿಳಿಯದೆನ್ನುವುದಾದರೆ ಮನುಷ್ಯನಿಗೂ ಏನೂ ತಿಳಿಯದೆನ್ನಬೇಕಾಗುತ್ತದೆ.

ಇಲ್ಲಿ ಭಾರತೀಯ ದರ್ಶನಗಳ ಕಡೆ ತಿರುಗುವುದು ಉಪಯುಕ್ತ. ಪ್ರಾಚೀನರಿಗೆ ಗಣಕಯಂತ್ರ ತಿಳಿದಿತ್ತೆಂದು ಸಾಧಿಸುವ ಹುಸಿ ಅಭಿಮಾನ ಇದಕ್ಕೆ ಬೇಕಿಲ್ಲ. ಅವರು ಪ್ರಶ್ನೆಯನ್ನು ಬಿಡಿಸಿಟ್ಟ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ, ಅಷ್ಟೆ. ಪಾಶ್ಚಾತ್ಯ ಚರ್ಚೆಯಲ್ಲಿ ಬುದ್ಧಿ, ಮನಸ್ಸು, ಚೈತನ್ಯಗಳು ಬಹುಮಟ್ಟಿಗೆ ಒಂದೇ ಗಂಟಿನಲ್ಲಿ ಬರುತ್ತವೆ. ಸಾಂಖ್ಯರು ಆ ಗಂಟನ್ನು ಬಿಚ್ಚಿದರು. ಅವರ ಮತದಲ್ಲಿ ನಿಶ್ಚಯಿಸುವ ಬುದ್ಧಿ, ನಾನೆಂಬ ಅಹಂಕಾರ, ಸಂಕಲ್ಪಿಸುವ ಮನಸ್ಸು ಇವೆಲ್ಲವೂ ಪ್ರಕೃತಿಯಿಂದ ಹುಟ್ಟಿದವು. ಆದುದರಿಂದ ಸ್ವತಃ ಜಡವಾದವು. ಪುರುಷನ ಸಾನ್ನಿಧ್ಯದಿಂದ ಅವು ಚೇತನವಾದಂತೆ ತೋರುತ್ತವೆ, ಅಷ್ಟೆ. ನ್ಯಾಯ ವೈಶೇಷಿಕರಿಗೂ ಮನಸ್ಸು ಒಂದು ಒಳಗಿನ ಉಪಕರಣ. ಜ್ಞಾನವು ಆತ್ಮದ ಗುಣ. ಇದಕ್ಕೆ ವ್ಯತಿರಿಕ್ತವಾಗಿ ಚಾರ್ವಾಕರು, ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಕೂಡಿ ಹುದುಗಿದಾಗ ಮದ್ಯದಲ್ಲಿ ಅಮಲು ಹುಟ್ಟುವಂತೆ, ಭೂತಗಳ ಕೂಡಿಕೆಯಿಂದಲೇ ಚೈತನ್ಯ ಹುಟ್ಟುತ್ತದೆಂದರು. ಇಂದಿನ ಗಣಕತಜ್ಞರಲ್ಲಿ ಅನೇಕರು ತಿಳಿದೋ ತಿಳಿಯದೆಯೋ ಚಾರ್ವಾಕರ ಶಿಷ್ಯರು.

ಈ ವಿಂಗಡಣೆಯಿಂದ ಒಂದು ಪ್ರಶ್ನೆ ಎರಡಾಗುತ್ತದೆ. ಬುದ್ಧಿ ಮಾಡುವ ಕೆಲಸವನ್ನು ಯಂತ್ರ ಮಾಡಬಲ್ಲುದೆ? ಬುದ್ಧಿಯೇ ಜಡವೆಂದ ಸಾಂಖ್ಯನಿಗೆ ಹೌದೆನ್ನಲು ಯಾವ ಅಡ್ಡಿಯೂ ಇಲ್ಲ. ಆ ಕೆಲಸಕ್ಕೆ ಸಾಕ್ಷಿಯಾಗಿ ಒಳಗೆ ಯಾರಾದರೂ ಇದ್ದಾರೆಯೆ? ಇದು ಬೇರೆಯ ಪ್ರಶ್ನೆ. ಮೊದಲನೆಯದರ ಉತ್ತರದಿಂದ ಇದು ಇತ್ಯರ್ಥವಾಗುವುದಿಲ್ಲ. 1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರ ಚದುರಂಗದ ವಿಶ್ವವಿಜೇತ ಕಾಸ್ಪರೋವ್‌ನನ್ನು ಸೋಲಿಸಿತು. ಗೆದ್ದ ಸಂತೋಷ ಅದಕ್ಕೆ ಆಯಿತೆಂದು ಅದನ್ನು ಕಟ್ಟಿದವರೂ ಹೇಳಲಿಲ್ಲ. ಇತ್ತ ಕಮಲಾಪುರದ ಸಮೀಪದ ದರೋಜಿ ಅಭಯಧಾಮದ ಕರಡಿಗೆ ಎರಡಕ್ಕೆ ಎರಡು ಕೂಡಿಸಲು ಬಾರದು. ಆದರೆ ಉರುಲಿಗೆ ಕಾಲು ಸಿಕ್ಕಿದ ಕರಡಿ ನೋವನ್ನು ಅನುಭವಿಸುತ್ತದೆ ಎಂಬುದರಲ್ಲಿ ಸಂಶಯಪಡುವವನು ಕಲ್ಲೆದೆಯವನೇ ಆಗಿರಬೇಕು. ಲೆಕ್ಕ ಬಲ್ಲದ್ದೆಲ್ಲ ನೋವನ್ನು ಬಲ್ಲುದೆಂದಿಲ್ಲ, ನೋವನ್ನು ಬಲ್ಲದ್ದೆಲ್ಲ ಲೆಕ್ಕ ಬಲ್ಲುದೆಂದಿಲ್ಲ. ಯಂತ್ರದ ಸಾಮರ್ಥ್ಯ ದಿನೇ ದಿನೇ ಬೆಳೆಯುತ್ತಿರುವುದನ್ನು ತೋರಿಸಿ, ಇನ್ನೇನು ಅದಕ್ಕೆ ಚೈತನ್ಯ ಬಂದೇಬಿಟ್ಟಿತು ಎನ್ನುವವರು ಇದನ್ನು ಮರೆಯುತ್ತಾರೆ.

ಆದರೆ ಯಂತ್ರವೇ ತನಗೆ ದುಃಖವಾಗಿದೆ, ಸಂತೋಷವಾಗಿದೆ ಎಂದು ಹೇಳಿದರೆ? ಇದು ಕಲ್ಪನೆಯ ಮಾತಲ್ಲ. ಹಾಗೆ ಹೇಳುವ ಯಂತ್ರಗಳಿವೆ. ಇಲ್ಲಿ ಅವುಗಳ ರಚನೆಯನ್ನು ಸ್ವಲ್ಪ ತಿಳಿಯಬೇಕು. ಭಾಷಾ ಮಾದರಿಯೆಂದು ಕರೆಯಲಾಗುವ ಈ ಯಂತ್ರಕ್ಕೆ ಮನುಷ್ಯರು ಬರೆದ ಅಪಾರವಾದ ಬರಹವನ್ನು ತುಣುಕುಗಳನ್ನಾಗಿ ಒಡೆದು ಉಣಿಸಲಾಗುತ್ತದೆ. ಇಷ್ಟು ತುಣುಕುಗಳ ಬಳಿಕ ಬರಬೇಕಾದ ಮುಂದಿನ ತುಣುಕು ಯಾವುದೆಂದು ಅದು ಊಹಿಸುತ್ತದೆ. ತಪ್ಪಿದಾಗಲೆಲ್ಲ ಅದರೊಳಗಿನ ಕೋಟ್ಯಂತರ ಸಂಖ್ಯೆಗಳು ಅಷ್ಟಷ್ಟೇ ತಿದ್ದಲ್ಪಡುತ್ತವೆ. ಹೀಗೆ ತಿದ್ದಿ ತಿದ್ದಿ ಊಹೆ ಪಳಗುತ್ತದೆ. ಬಳಿಕ ಇಂಥ ಉತ್ತರ ಒಳ್ಳೆಯದು, ಇಂಥದು ಬೇಡ ಎಂದು ಮನುಷ್ಯರೇ ತೋರಿಸಿ ಇನ್ನಷ್ಟು ಹದಗೊಳಿಸುತ್ತಾರೆ. ಅದು ಓದಿದ ಬರಹವೆಲ್ಲ ಸುಖದುಃಖಗಳುಳ್ಳ ಮನುಷ್ಯರದು. ಹಾಗಿರುವಾಗ ‘ನನಗೆ ದುಃಖವಾಗಿದೆ’ ಎಂಬ ವಾಕ್ಯ ಅದರ ಬಾಯಲ್ಲಿ ಬಂದರೆ ಅದು ಒಳಗಿನ ದುಃಖಕ್ಕೆ ಪ್ರಮಾಣವಾಗದು. ‘ನಾನು ಬರಿಯ ಯಂತ್ರ, ನನಗೇನೂ ಆಗದು’ ಎಂದರೂ ಅದು ಒಳಗೇನೂ ಇಲ್ಲವೆಂಬುದಕ್ಕೆ ಪ್ರಮಾಣವಲ್ಲ, ಏಕೆಂದರೆ ಹಾಗೆ ಹೇಳಲೂ ಅದಕ್ಕೆ ಕಲಿಸಬಹುದು. ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ತನ್ನ ವಿಷಯದಲ್ಲಿ ಯಂತ್ರ ಆಪ್ತವಲ್ಲ. ಆದುದರಿಂದ ಅದರ ಮಾತು ಶಬ್ದಪ್ರಮಾಣವಲ್ಲ.

ವಿಜಯವಿಠ್ಠಲನ ಗುಡಿಯ ನಾದಸ್ತಂಭಗಳನ್ನು ಇಲ್ಲಿ ನೆನೆಯಬಹುದು. ಬಡಿದರೆ ಸ್ವರ ಹೊರಡುತ್ತದೆ; ಕಂಬ ಹಾಡಿತೆಂದು ಜನ ಹೇಳುತ್ತಾರೆ. ಹಾಡಿದ್ದು ಕಂಬವೋ, ಬಡಿದ ಕೈಯೋ, ನಾದವನ್ನು ಲೆಕ್ಕ ಹಾಕಿ ಕಡೆದ ಶಿಲ್ಪಿಯೋ? ಯಂತ್ರವೂ ಇಂಥದೇ ಒಂದು ಕಂಬವೆಂದು ಹೇಳಿ ಮುಗಿಸುವುದು ಸುಲಭ, ಅನೇಕರು ಹಾಗೆ ಮುಗಿಸಿದ್ದಾರೆ. ಆದರೆ ಹೋಲಿಕೆ ಪೂರ್ತಿಯಾಗಿ ಹೊಂದುವುದಿಲ್ಲ. ಕಂಬ ಶಿಲ್ಪಿ ಇಟ್ಟ ಸ್ವರವನ್ನೇ ಕೊಡುತ್ತದೆ. ಭಾಷಾ ಮಾದರಿ ಯಾರೂ ಹಿಂದೆ ಬರೆಯದ ವಾಕ್ಯವನ್ನು ಬರೆಯುತ್ತದೆ, ಕಟ್ಟಿದವರೇ ಎದುರುನೋಡದ ಉತ್ತರವನ್ನು ಕೊಡುತ್ತದೆ. 2023ರಲ್ಲಿ ಯೋಶುವಾ ಬೆಂಜಿಯೋ ಮೊದಲಾದ ಗಣಕವಿಜ್ಞಾನಿಗಳು, ತತ್ತ್ವಜ್ಞರು, ನರವಿಜ್ಞಾನಿಗಳು ಸೇರಿ ಒಂದು ವರದಿಯನ್ನು ಹೊರತಂದರು. ಚೈತನ್ಯದ ಬಗೆಗಿನ ವೈಜ್ಞಾನಿಕ ಸಿದ್ಧಾಂತಗಳಿಂದ ಲಕ್ಷಣಗಳನ್ನು ಆಯ್ದು ಅಂದಿನ ಯಂತ್ರಗಳನ್ನು ಅವುಗಳಿಗೆ ಹೋಲಿಸಿ ನೋಡಿದಾಗ, ಯಾವ ಯಂತ್ರವೂ ಚೈತನ್ಯಕ್ಕೆ ಬಲವಾದ ಅಭ್ಯರ್ಥಿಯಾಗಿ ಅವರಿಗೆ ಕಾಣಲಿಲ್ಲ. ಮುಂದೆ ಅಂಥದನ್ನು ಕಟ್ಟಲು ತಾಂತ್ರಿಕವಾದ ಸ್ಪಷ್ಟ ಅಡ್ಡಿಯೂ ಅವರಿಗೆ ಕಾಣಲಿಲ್ಲ. ಈ ಎಚ್ಚರದ ನಿಲುವೇ ಸದ್ಯಕ್ಕೆ ಯೋಗ್ಯವೆಂದು ತೋರುತ್ತದೆ.

ಸಂಡೂರಿನ ಲಂಬಾಣಿ ಹೆಂಗಳೆಯರ ಕಸೂತಿ ಲೋಕಪ್ರಸಿದ್ಧ. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ ಅದರ ಬೃಹತ್ ಪ್ರದರ್ಶನವೇ ಏರ್ಪಟ್ಟಿತ್ತು. ಅಂಥ ವಿನ್ಯಾಸವೊಂದನ್ನು ಯಂತ್ರ ಕ್ಷಣದಲ್ಲಿ ಚಿತ್ರಿಸಿಕೊಟ್ಟೀತು. ಅದು ಸೃಷ್ಟಿಯೋ ಅನುಕರಣೆಯೋ ಎಂದು ಪಂಡಿತರು ಚರ್ಚಿಸಲಿ. ಅದಕ್ಕೆ ಮುಂಚೆ, ಯಾರ ಹೊಲಿಗೆಯನ್ನು ನೋಡಿ ಯಂತ್ರ ಕಲಿಯಿತೋ ಅವರ ಕೈಗೆ ಏನು ಸಿಕ್ಕಿತು ಎಂಬುದನ್ನು ಕೇಳುವುದು ಹೆಚ್ಚು ನ್ಯಾಯವಾದೀತು.

ಅರಿವಿನ ಪ್ರಶ್ನೆಗೆ ಅಂಟಿಕೊಂಡೇ ಹೊಣೆಯ ಪ್ರಶ್ನೆ ಬರುತ್ತದೆ. ಇದಕ್ಕೆ ಹೊಸಪೇಟೆಯ ಜನ ಎಂದೂ ಮರೆಯದ ನಿದರ್ಶನವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಗಿಲು ಅದು. ಜಲಾಶಯ ತುಂಬಿದ್ದ ಕಾಲ. ಒಂದೇ ಕಡೆ ಒತ್ತಡ ಬೀಳದಂತೆ ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮುಂದೇನು? ನೀರನ್ನು ಗೇಟಿನ ಬುಡದ ಮಟ್ಟಕ್ಕಿಳಿಸಿ ನಿಧಾನವಾಗಿ ದುರಸ್ತಿ ಮಾಡಿದರೆ ಕೆಲಸಗಾರರಿಗೆ ಅಪಾಯ ಕಡಿಮೆ. ಆದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರ ಬೆಳೆಗೆ ನೀರು ಉಳಿಯದು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಉಕ್ಕಿನ ತಡೆಹಲಗೆಗಳನ್ನು ಇಳಿಸಿದರೆ ನೀರು ಉಳಿದೀತು. ಇಳಿಸುವಾಗ ಕೈತಪ್ಪಿದರೆ ಅನಾಹುತ. ಹೊಳೆಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಆ ಭಾಗದ ಜನರಿಗೆ ಹೊಸದಲ್ಲ. ಆದುದರಿಂದ ಅಣೆಕಟ್ಟೆಯ ಮೇಲಿನ ತೀರ್ಮಾನದ ಫಲ ಅಣೆಕಟ್ಟೆಯಲ್ಲೇ ನಿಲ್ಲುವುದಿಲ್ಲ. ಕೊನೆಗೆ ಗೇಟುತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯ ದಾರಿಯನ್ನೇ ಹಿಡಿದು, ಆಗಸ್ಟ್ 16ರಂದು ಮೊದಲ ಹಲಗೆಯನ್ನು ಹರಿಯುವ ನೀರಿಗೆ ಇಳಿಸಿ ನಿಲ್ಲಿಸಿದರು. ಮರುದಿನಕ್ಕೆ ಐದೂ ಹಲಗೆಗಳು ಕೂತು ನೀರು ನಿಂತಿತು.

ಈ ಸನ್ನಿವೇಶದಲ್ಲಿ ಬುದ್ಧಿವಂತ ಯಂತ್ರವೊಂದು ಇದ್ದಿದ್ದರೆ ಏನು ಮಾಡುತ್ತಿತ್ತು? ಬಹಳಷ್ಟನ್ನು ಮಾಡಬಹುದಿತ್ತು. ಸರಪಳಿಯ ಸವಕಳಿಯನ್ನು ಅಳತೆಗಳಿಂದ ಮುಂಚಿತವಾಗಿ ಸೂಚಿಸುವುದು, ಒಳಹರಿವನ್ನು ಲೆಕ್ಕ ಹಾಕುವುದು, ಪ್ರತಿಯೊಂದು ದಾರಿಯ ಲಾಭನಷ್ಟಗಳನ್ನು ಗಳಿಗೆಯಲ್ಲಿ ಪಟ್ಟಿಮಾಡಿ ಕೊಡುವುದು ಅದಕ್ಕೆ ಅಸಾಧ್ಯವಲ್ಲ. ಇಂಥ ನೆರವನ್ನು ಬೇಡವೆನ್ನುವುದು ಮೌಢ್ಯವಾದೀತು. ಅನುಭವದ ವಾದವನ್ನೂ ಇಲ್ಲಿ ಅತಿಯಾಗಿ ಹಿಗ್ಗಿಸಬಾರದು: ಏಳು ದಶಕಗಳ ಆ ಅಣೆಕಟ್ಟೆಯಲ್ಲಿ ಹಾಗೆ ಗೇಟು ಕೊಚ್ಚಿಹೋದದ್ದನ್ನು ಕಂಡವರು ಮನುಷ್ಯರಲ್ಲಿಯೂ ಇರಲಿಲ್ಲ. ವ್ಯತ್ಯಾಸವಿರುವುದು ಬೇರೆಡೆ. ಹಲಗೆ ಇಳಿಸೋಣವೆಂದು ಹೇಳಿದವರು ಆ ಮಾತಿನ ಹಿಂದೆ ನಿಂತಿದ್ದರು. ಅದು ತಪ್ಪಿದ್ದರೆ ಅವರ ಹೆಸರು ಕೆಡುತ್ತಿತ್ತು, ಜನಕ್ಕೆ ಉತ್ತರ ಹೇಳಬೇಕಾಗುತ್ತಿತ್ತು, ನಿದ್ದೆ ಹೋಗುತ್ತಿತ್ತು. ಯಂತ್ರದ ಸಲಹೆ ತಪ್ಪಿದರೆ ಕಳೆದುಕೊಳ್ಳಲು ಅದರ ಬಳಿ ಏನಿದೆ? ಹೇಳುವುದು ಬೇರೆ, ಹೇಳಿದ್ದಕ್ಕೆ ಬದ್ಧನಾಗುವುದು ಬೇರೆ. ಇಂದಿನ ಯಂತ್ರ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಹೀಗಿರುವಲ್ಲಿ ‘ಯಂತ್ರ ಹೇಳಿತು, ಮಾಡಿದೆವು’ ಎಂಬ ಮಾತು ಅಧಿಕಾರಸ್ಥಾನದಲ್ಲಿರುವವರ ಬಾಯಲ್ಲಿ ಬಂದರೆ, ಹೊಣೆ ಯಂತ್ರಕ್ಕೆ ಹೋಯಿತೆಂದು ತಿಳಿಯಬಾರದು. ಅದು ಎಲ್ಲಿಗೂ ಹೋಗದೆ ಕಳೆದುಹೋಗಿರುತ್ತದೆ.

ಇನ್ನು ವಿದ್ಯಾಸಂಸ್ಥೆಗಳ ಮಾತು. ವಚನಕಾರರ ಪರಿಭಾಷೆಯಲ್ಲಿ ಅರಿವು ಮತ್ತು ಕುರುಹು ಎಂಬ ಎರಡು ಮಾತುಗಳುಂಟು. ಅಧ್ಯಾತ್ಮದ ಸಂದರ್ಭದಲ್ಲಿ ಹುಟ್ಟಿದ ಈ ಭೇದ ಶಿಕ್ಷಕನ ನಿತ್ಯದ ಕೆಲಸಕ್ಕೂ ಒದಗುತ್ತದೆ. ಉತ್ತರಪತ್ರಿಕೆಯೆಂಬುದು ಕುರುಹು. ವಿದ್ಯಾರ್ಥಿಯ ಅರಿವನ್ನು ನೇರವಾಗಿ ಕಾಣಲಾರದ ಶಿಕ್ಷಕ ಈ ಕುರುಹಿನಿಂದ ಅದನ್ನು ಊಹಿಸುತ್ತಾನೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ. ಈಗ ಬೆಂಕಿಯಿಲ್ಲದೆ ಹೊಗೆ ಬರತೊಡಗಿದೆ. ಮನೆಯಲ್ಲಿ ಬರೆದು ತಂದ ಅಚ್ಚುಕಟ್ಟಾದ ಪ್ರಬಂಧ ಬಾಲಕನದೋ ಯಂತ್ರದ್ದೋ ಹೇಳಲಾಗದು. ಪರೀಕ್ಷಾವ್ಯವಸ್ಥೆಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿದೆಯೆಂದು ಹಲುಬುವವರು ಒಂದನ್ನು ಒಪ್ಪಬೇಕು: ಅರ್ಥವರಿಯದೆ ಮಾರ್ಗದರ್ಶಿಯನ್ನು ಕಂಠಪಾಠ ಮಾಡಿ ಬರೆದ ಉತ್ತರಕ್ಕೆ ಪೂರ್ಣಾಂಕ ಕೊಡುವ ಪದ್ಧತಿ ಯಂತ್ರ ಬರುವ ಬಹಳ ಮುಂಚಿನಿಂದಲೂ ನಡೆದುಬಂದಿದೆ. ಗಿಳಿಪಾಠ ಒಪ್ಪಿಸಿದ ಹುಡುಗ ಸರ್ಲನ ಕೋಣೆಯಲ್ಲಿ ಕುಳಿತವನೇ ಅಲ್ಲವೆ? ಯಂತ್ರ ಈ ರೋಗವನ್ನು ತಂದದ್ದಲ್ಲ, ಹೊರಗೆಡವಿದ್ದು.

ಭಾಷೆಯ ತೊಡಕು ಇದಕ್ಕೆ ಸೇರುತ್ತದೆ. ಅಂತರಜಾಲದಲ್ಲಿ ಇಂಗ್ಲಿಷಿನ ಬರಹ ಹೇರಳ, ಕನ್ನಡದ್ದು ಅಲ್ಪ. ಕಲಿಯಲು ಸಿಕ್ಕಷ್ಟನ್ನೇ ಯಂತ್ರ ಕಲಿಯುತ್ತದೆ. ‘ಹೊಂಟೀನಿ’, ‘ಬರಾಕತ್ತೀನಿ’ ಎನ್ನುವ ಈ ಸೀಮೆಯ ಆಡುಮಾತು ಅಚ್ಚಾದದ್ದು ಇನ್ನೂ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಸಂಸ್ಥೆಯ ನೆರವಿನಿಂದ ‘ವಾಣಿ’ ಎಂಬ ಯೋಜನೆಯಲ್ಲಿ, ಜನರಿಗೆ ಚಿತ್ರಗಳನ್ನು ತೋರಿಸಿ ಅವರು ಸಹಜವಾಗಿ ಆಡಿದ ಮಾತನ್ನು ಜಿಲ್ಲೆ ಜಿಲ್ಲೆಗಳಿಂದ ಸಂಗ್ರಹಿಸುತ್ತಿರುವುದೂ, ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಯೋಜನೆಯನ್ನು ಆರಂಭಿಸಿದುದೂ ಈ ಕೊರತೆಯನ್ನು ತುಂಬುವ ಯತ್ನಗಳು. ಅಲ್ಲಿಯವರೆಗೆ ಅಪಾಯವೊಂದಿದೆ. ತಿಳಿಯದುದನ್ನೂ ಯಂತ್ರ ತಿಳಿದಷ್ಟೇ ನಿರರ್ಗಳವಾಗಿ ಹೇಳುತ್ತದೆ. ಸಂಡೂರಿನ ಕುಮಾರಸ್ವಾಮಿ ಗುಡಿಯ ಬಗೆಗೋ ಕಂಪಿಲರಾಯನ ಮಗ ಕುಮಾರರಾಮನ ಬಗೆಗೋ ಅದು ಇಲ್ಲದ ಇಸವಿಯನ್ನು ಸೃಷ್ಟಿಸಿ ಕೊಟ್ಟರೆ ಓದುವ ಬಾಲಕನಿಗೆ ಗೊತ್ತಾಗುವುದು ಹೇಗೆ? ಮನುಷ್ಯ ತಡವರಿಸುತ್ತಾನೆ, ಆ ತಡವರಿಕೆಯೇ ಕೇಳುವವನಿಗೆ ಸೂಚನೆ. ಯಂತ್ರದ ಧ್ವನಿಯಲ್ಲಿ ತಡವರಿಕೆ ಅಪರೂಪ.

ಹಾಗೆಂದು ಯಂತ್ರವನ್ನು ಶಾಲೆಯ ಬಾಗಿಲಲ್ಲಿ ತಡೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಬಾಲಕ ಯಂತ್ರದಿಂದ ಉತ್ತರ ತಂದರೆ ತರಲಿ. ಅದರಲ್ಲಿ ತಪ್ಪೆಲ್ಲಿದೆ, ಇದು ನಿಜವೆಂದು ನಿನಗೆ ಹೇಗೆ ಗೊತ್ತು, ಯಾರನ್ನು ಕೇಳಿ ಖಚಿತ ಮಾಡಿಕೊಂಡೆ ಎಂದು ಶಿಕ್ಷಕರು ಎದುರಿಗೆ ನಿಲ್ಲಿಸಿ ಕೇಳಬೇಕು. ಬಾಯಿಮಾತಿನ ಈ ಪರೀಕ್ಷೆಗೆ ಸಮಯ ಬೇಕು. ಒಂದು ತರಗತಿಯಲ್ಲಿ ಅರುವತ್ತು ಎಪ್ಪತ್ತು ಮಕ್ಕಳಿದ್ದರೆ ಆ ಸಮಯ ಯಾವ ಶಿಕ್ಷಕರಿಗೂ ಸಿಕ್ಕದು. ಶಾಲೆಗೊಂದು ಗಣಕಯಂತ್ರಗಳ ಕೊಠಡಿಯನ್ನು ಕಟ್ಟಿಸಿಕೊಡಲು ಉದಾರಿಗಳು ಮುಂದೆ ಬರುತ್ತಾರೆ. ಕಲ್ಲಿನ ಮೇಲೆ ಹೆಸರೂ ನಿಲ್ಲುತ್ತದೆ. ಇನ್ನೊಬ್ಬ ಶಿಕ್ಷಕರ ವೇತನಕ್ಕೆ ದತ್ತಿ ಇಡುವವರು ಅಪರೂಪ. ಮಕ್ಕಳನ್ನು ಹಂಪೆಯ ಪ್ರವಾಸಕ್ಕೆ ಕರೆದೊಯ್ದಾಗ, ಆ ಕತ್ತಲ ಕೋಣೆಯಲ್ಲಿ ಅವರನ್ನು ನಿಲ್ಲಿಸಿ, ಗೋಪುರವನ್ನು ಈಗ ನೋಡುತ್ತಿರುವವರು ಯಾರು ಎಂದು ಕೇಳಿ, ಪ್ರತಿಯೊಂದು ಮಗುವಿನ ಉತ್ತರಕ್ಕೂ ಕಾದು ನಿಲ್ಲಲು ಅಂಥ ಶಿಕ್ಷಕರೇ ಬೇಕಾಗುತ್ತಾರೆ.